ತಲೆ ಕಾದ ಹೊತ್ತಿನಲ್ಲಿ ಏನು ಮಾಡಬೇಕು? ಹೊಸ ಸೂಪರ್‌ವೈಸರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ನಾನು ಮ್ಯಾನೇಜರ್. 19 ವರ್ಷದ ಹಿಂದೆ ಕಾಟಾ ಹತ್ತಿರ ಕೂತು ತೂಕದ ಚೀಟಿ ಬರೆಯುವ ಹುಡುಗನಾಗಿ ಸೇರಿದವನು. ಈಗ ಸೀಸನ್‌ನಲ್ಲಿ 45 ಜನ ನನ್ನ ಕೈಕೆಳಗೆ ಇರುತ್ತಾರೆ. ಹೊಸದಾಗಿ ಸೂಪರ್‌ವೈಸರ್ ಆದ ಹುಡುಗರು, ಗಂಜ್‌ನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಅಡತ್ (ದಲಾಲಿ) ಅಂಗಡಿಯ ಮುನೀಮರು, ವಾಡಿ ಕಡೆ ಸಿಮೆಂಟ್ ಕೆಲಸದಲ್ಲಿ ಶಿಫ್ಟ್ ನೋಡಿಕೊಳ್ಳುವ ನನ್ನ ತಮ್ಮನ ಗೆಳೆಯರು, ಬೀದರ್‌ನಲ್ಲಿ ಹೋಟೆಲ್ ನಡೆಸುವ ನಮ್ಮ ಮಾಮಾ, ಎಲ್ಲರೂ ತಿರುಗಿ ತಿರುಗಿ ಅದದೇ ಕೇಳುತ್ತಾರೆ. ಫೋನ್‌ನಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ಹುಟ್ಟಿನಿಂದ ತಣ್ಣಗಿನ ಮನುಷ್ಯ ಅಂತ ಮಾತ್ರ ತಿಳಿಯಬೇಡಿ. ನನ್ನ ಹೆಂಡತಿಯನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಶಾಂತವಾಗಿರುವುದು ಅಂದರೆ ಗಾಬರಿಯೇ ಆಗಬಾರದು ಅಂತಾನಾ?

ಅಲ್ಲ. ಗಾಬರಿ ಆಗೇ ಆಗುತ್ತದೆ. ಅದು ನಿಮ್ಮ ಬಾಯಿಂದ, ಮುಖದಿಂದ ಇಳಿದು ಜನರ ಕೈಗೆ ಹೋಗದ ಹಾಗೆ ನೋಡಿಕೊಂಡರೆ ಸಾಕು.

ಒಂದು ದಿನದ್ದು ಹೇಳುತ್ತೇನೆ. ತೊಗರಿಯನ್ನು ಬೇಳೆ ಮಾಡುವ ಮುಂಚೆ ಎಣ್ಣೆ ಹಚ್ಚಿ, ನೀರು ಕೊಟ್ಟು, ರಾಶಿ ಹಾಕಿ, ಆಮೇಲೆ ಅಂಗಳದಲ್ಲಿ ಹರವಿ ಒಣಗಿಸಬೇಕು. ಸಿಪ್ಪೆ ಸಡಿಲಾಗುವುದು ಹಾಗೆ. ಡ್ರೈಯರ್ ಇರುವ ಮಿಲ್‌ಗಳೂ ಇವೆ, ಆದರೆ ಆಗ ನಮಗೆ ಬಿಸಿಲೇ ಡ್ರೈಯರ್. ಮಾರ್ಚ್ ತಿಂಗಳು, ಮಧ್ಯಾಹ್ನ ಮೂರೂವರೆ, ಅಂಗಳದಲ್ಲಿ 180 ಚೀಲದ ಮಾಲು ಹರವಿದೆ. ಆಳಂದ ರೋಡಿನ ಕಡೆ ಮೋಡ ಎದ್ದಿತು. ಕಾಲಿನಿಂದ ಕಾಳು ಹೊರಳಿಸುತ್ತಿದ್ದ ಚಾಚಾ ತಲೆ ಎತ್ತಿ ನೋಡಿ "ಸಾಹೇಬ್ರ, ಮಳಿ ಬರ್ಲತ್ತದ್ರಿ" ಅಂದರು.

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಬಾಯಿ ಒಣಗಿತು. ನಾಲಿಗೆ ತುದಿಗೆ ಬಂದ ಮೊದಲ ಮಾತು "ಬೆಳಿಗ್ಗೆ ಮೋಡ ನೋಡ್ದೇ ಯಾರು ಹರವಿದ್ದು?" ಅಂತ. ನುಂಗಿಕೊಂಡೆ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡೆ, ಅಷ್ಟರಲ್ಲಿ ಎರಡು ಉಸಿರು ಆಯಿತು. ಆಮೇಲೆ ಹೆಸರು ಹಿಡಿದು ಕರೆದೆ. ಇಬ್ಬರು ತಾಡಪತ್ರಿ (ಟಾರ್ಪಾಲಿನ್) ತರಲಿಕ್ಕೆ, ಗೋಡೆ ಕಡೆಯ ಆರು ಜನ ಹಲಗೆ ಹಿಡಿದು ಮಾಲನ್ನು ನಡುವಿಗೆ ತಳ್ಳಲಿಕ್ಕೆ, ಲಾರಿ ತುಂಬುತ್ತಿದ್ದ ಹಮಾಲರು ಅದನ್ನು ಅಲ್ಲಿಗೇ ಬಿಟ್ಟು ಖಾಲಿ ಚೀಲ ಹಿಡಿಯಲಿಕ್ಕೆ. ಹೊಸ ಹುಡುಗನೊಬ್ಬ ಓಡಿ ಬಂದು "ಅಣ್ಣಾ, ನಾ ಏನ್ ಮಾಡ್ಲಿ?" ಅಂದ. "ಗಟಾರದ ಬಾಯಿ ತೆಗಿ, ಅಂಗಳದಾಗ ನೀರು ನಿಲ್ಬಾರ್ದು" ಅಂದೆ. ಎಲ್ಲ ಸೇರಿ ಹನ್ನೆರಡು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನನ್ನ ಕೈ ನಡುಗುತ್ತಿತ್ತು. ಅದಕ್ಕೇ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಸಂಜೆ ಚಾ ಕುಡಿಯುವಾಗ ಆಳುಗಳ ಮುಖ್ಯಸ್ಥ ಮುಕಾದಮ್ "ನಿಮಗ ಅಂಜಿಕಿನೇ ಆಗಲ್ಲ ಬಿಡ್ರಿ" ಅಂದ. ನಾನು ಚಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದು ಅವನಿಗೆ ಕಾಣಲಿಲ್ಲ.

ಅಂಥ ಹೊತ್ತಿನಲ್ಲಿ ತಲೆ ಯಾಕೆ ಓಡುವುದಿಲ್ಲ? ನಾನು ದಡ್ಡನಾ?

ದಡ್ಡ ಅಲ್ಲ, ದೇಹ ತನ್ನ ಕೆಲಸ ಮಾಡುತ್ತಿರುತ್ತದೆ. ಅಪಾಯ ಅನ್ನಿಸಿದ ಕೂಡಲೇ ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರುವ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ರಕ್ತ ಹೊಟ್ಟೆ ಕಡೆ ಕಡಿಮೆಯಾಗಿ ಕೈಕಾಲಿನ ಕಡೆ ಓಡುತ್ತದೆ. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗೆ ಆಗುವುದು ಅದಕ್ಕೇ. ಸ್ವಲ್ಪ ಹೊತ್ತಿಗೆ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್ ಏರುತ್ತದೆ. ಅಮೆರಿಕದ ವಾಲ್ಟರ್ ಕ್ಯಾನನ್ ಅನ್ನುವ ವಿಜ್ಞಾನಿ 1915ರ ಹೊತ್ತಿಗೇ ಇದನ್ನು ವಿವರಿಸಿದ್ದರು: ದೇಹ ಜಗಳಕ್ಕೋ ಓಟಕ್ಕೋ ತಯಾರಾಗುತ್ತದೆ ಅಂತ. ಹೊಲದಲ್ಲಿ ಹಂದಿ ಎದುರಾದರೆ ಇದು ಸರಿ. ಮಿಲ್‌ನಲ್ಲಿ ಹಂದಿ ಬರುವುದಿಲ್ಲ, ಸೌಕಾರರ ಫೋನ್ ಬರುತ್ತದೆ. ಜಗಳವೂ ಆಡುವ ಹಾಗಿಲ್ಲ, ಓಡಿ ಹೋಗುವ ಹಾಗೂ ಇಲ್ಲ.

ಇದರ ಜೊತೆಗೆ ಹಣೆಯ ಹಿಂದಿರುವ ಮಿದುಳಿನ ಭಾಗ, ಅಂದರೆ ತೂಗಿ ನೋಡಿ ಲೆಕ್ಕ ಹಾಕುವ ಭಾಗ, ಮಂಕಾಗುತ್ತದೆ. ಕಣ್ಣು ಒಂದೇ ಕಡೆ ನೆಟ್ಟುಬಿಡುತ್ತದೆ. ಕಾಳನ್ನು ಮೇಲಕ್ಕೆ ಎತ್ತುವ ಎಲಿವೇಟರ್‌ನ ಬೆಲ್ಟ್ ಹರಿದಾಗ ನೋಡಿ, ಎಲ್ಲರೂ ಹರಿದ ಬೆಲ್ಟ್ ಸುತ್ತ ನಿಂತು ಅದನ್ನೇ ನೋಡುತ್ತಿರುತ್ತಾರೆ, ಹಿಂದುಗಡೆ ಕಾಳು ತುಂಬಿ ನೆಲಕ್ಕೆ ಸುರಿಯುತ್ತಿರುವುದು ಒಬ್ಬರಿಗೂ ಕಾಣುವುದಿಲ್ಲ. ಹಾಗಾಗಿ ನಾನು ಮೊದಲು ಮಾಡುವ ಕೆಲಸ ನಾಲ್ಕು ಹೆಜ್ಜೆ ಹಿಂದೆ ಬರುವುದು. ನಿಜವಾಗಿಯೂ, ಕಾಲಿನಿಂದ.

ಮೊದಲ ಒಂದು ನಿಮಿಷದಲ್ಲಿ ಏನು ಮಾಡಬೇಕು? ಉಸಿರಾಟದ ಮಾತೆಲ್ಲ ಸುಮ್ನೆ ಅಲ್ವಾ?

ನಾನೂ ಸುಮ್ನೆ ಅಂತಲೇ ತಿಳಿದಿದ್ದೆ. ಈಗಲೇ ಒಂದು ಪರೀಕ್ಷೆ ಮಾಡಿ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಹಿಡಿಯಿರಿ. ಉಸಿರು ಒಳಗೆ ಎಳೆದಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ಹೊರಗೆ ಬಿಟ್ಟಾಗ ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಕೆಲಸ ಅದು. ಆದ್ದರಿಂದ ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ, ಅದನ್ನು 6ರ ಹತ್ತಿರ ತಂದರೆ ಎದೆ ಬೇಗ ತಣ್ಣಗಾಗುತ್ತದೆ. ಕಣ್ಣು ಮುಚ್ಚಿ ಪದ್ಮಾಸನ ಹಾಕುವ ಅಗತ್ಯ ಇಲ್ಲ. ಟವೆಲ್ ಸುತ್ತಿಕೊಳ್ಳಿ, ಕನ್ನಡಕ ಒರೆಸಿಕೊಳ್ಳಿ, ಒಂದು ಗುಟುಕು ನೀರು ಕುಡಿಯಿರಿ. ನೀವು ಉಸಿರು ಹಿಡಿತಕ್ಕೆ ತರುತ್ತಿದ್ದೀರಿ ಅಂತ ಯಾರಿಗೂ ಗೊತ್ತಾಗಬಾರದು.

ಮನಸ್ಸಿನಲ್ಲೇ ಆ ಭಾವನೆಯ ಹೆಸರು ಹೇಳಿಕೊಳ್ಳಿ. "ನನಗೀಗ ಸಿಟ್ಟು ಬಂದಿದೆ." "ನನಗೆ ಹೆದರಿಕೆ ಆಗ್ತಿದೆ." 2007ರಲ್ಲಿ ಮ್ಯಾಥ್ಯೂ ಲಿಬರ್‌ಮನ್ ಮತ್ತು ಜೊತೆಗಾರರು ಎಂಆರ್‌ಐ ಯಂತ್ರದಲ್ಲಿ ಜನರಿಗೆ ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿದರು. ಆ ಭಾವನೆಗೆ ಒಂದು ಹೆಸರು ಕೊಟ್ಟಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಕಡಿಮೆ ಇತ್ತು.

ಆಮೇಲೆ ಬಾಯಿ ಬಿಡಿ, ಆದರೆ ಒಂದು ಸಲಕ್ಕೆ ಒಬ್ಬರ ಹೆಸರು, ಒಂದು ಕೆಲಸ. "ಯಾರಾದ್ರೂ ಹೋಗಿ ನೋಡ್ರಿ" ಅಂದರೆ ಯಾರೂ ಹೋಗುವುದಿಲ್ಲ. ಇಲ್ಲಾ ಹತ್ತು ಜನ ಹೋಗುತ್ತಾರೆ.

ಕೂಗದಿದ್ದರೆ ನಮ್ಮ ಜನ ಕೆಲಸ ಮಾಡಲ್ಲ ಸರ್.

ಇದು ಪ್ರಶ್ನೆ ಅಲ್ಲ, ಆದರೆ ಅತಿ ಜಾಸ್ತಿ ಬರುವುದು ಇದೇ. ರೋಲರ್ ಓಡುವಾಗ ಮಿಲ್ ಒಳಗೆ ಪಕ್ಕದವನ ಮಾತು ಪಕ್ಕದವನಿಗೆ ಕೇಳುವುದಿಲ್ಲ. ಅಲ್ಲಿ ದನಿ ಏರಿಸಲೇಬೇಕು, ನಾನೂ ಏರಿಸುತ್ತೇನೆ. ಜೋರು ದನಿ ಬೇರೆ, ಬೈಗುಳ ಬೇರೆ.

ಬೈದು ಕೆಟ್ಟವನು ನಾನೇ. ನಮ್ಮಲ್ಲಿ ಒಬ್ಬ ಆಪರೇಟರ್ ಇದ್ದ, ಒಳ್ಳೆ ಕೈ. ಒಂದು ಸಲ ಬೆಲ್ಟ್ ಸಡಿಲ ಬಿಟ್ಟಿದ್ದಕ್ಕೆ ಎಲ್ಲರ ಮುಂದೆ ಅವನ ನೀರಿಳಿಸಿದೆ. ಎಂಟು ದಿನ ಆದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಮೋಟಾರ್ ಸುಟ್ಟಿತು. ಬೇರಿಂಗ್ ಹಿಡಿದುಕೊಂಡಿತ್ತು. ವೈಂಡಿಂಗ್ ಆಗಿ ಬರುವುದಕ್ಕೆ ಎರಡು ದಿನ, ಹೊರಗೆ ಎರಡು ಲಾರಿ ನಿಂತಿದ್ದವು. ವಿಚಾರಿಸಿದಾಗ ತಿಳಿದದ್ದು ಏನೆಂದರೆ, ಬೇರಿಂಗ್ ಬಿಸಿಯಾಗಿ ವಾಸನೆ ಬರುತ್ತಿರುವುದು ಅವನಿಗೆ ಬೆಳಿಗ್ಗೆ ಹನ್ನೊಂದಕ್ಕೇ ಗೊತ್ತಾಗಿತ್ತು. "ಯಾಕೋ ಹೇಳ್ಲಿಲ್ಲ?" ಅಂದೆ. ನೆಲ ನೋಡುತ್ತಾ "ಹೇಳಿದ್ರ ಮತ್ತ ಬೈತೀರಂತ ಸುಮ್ನ ಕುಂತೆ ಅಣ್ಣಾ" ಅಂದ. ಮೂರು ತಾಸು! ಆ ಮೂರು ತಾಸನ್ನು ಸುಟ್ಟವನು ಅವನಲ್ಲ.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಗಮನಿಸಿದಾಗ ಒಂದು ವಿಚಿತ್ರ ಕಂಡಿತ್ತು. ಚೆನ್ನಾಗಿ ನಡೆಯುವ ತಂಡಗಳಲ್ಲೇ ಔಷಧಿಯ ತಪ್ಪುಗಳ ಲೆಕ್ಕ ಜಾಸ್ತಿ ಇತ್ತು. ಆ ತಂಡದವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಮಾಡಿದ್ದನ್ನು ಹೆದರದೆ ಹೇಳುತ್ತಿದ್ದರು ಅಂತ ಆಮೇಲೆ ಅವರಿಗೆ ಹೊಳೆಯಿತು. ನನಗೆ ಅದು ಒಂದು ಮೋಟಾರ್ ಸುಟ್ಟ ಮೇಲೆ ಹೊಳೆಯಿತು.

ಸೌಕಾರರು ಫೋನ್‌ನಲ್ಲಿ ನನ್ನ ಮೇಲೆ ಹಾರುತ್ತಾರೆ. ನಾನು ಯಾರ ಮೇಲೆ ಹಾರಲಿ?

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಮಿಲ್‌ನಲ್ಲಿ ಅದು ದಿನಾ ನಡೆಯುತ್ತದೆ. ಸೌಕಾರರು ನನಗೆ, ನಾನು ಮುಕಾದಮ್‌ಗೆ, ಮುಕಾದಮ್ ಹುಡುಗನಿಗೆ, ಹುಡುಗ ಹೊಟ್ಟಿನ ರಾಶಿ ಹತ್ತಿರ ಮಲಗಿದ ನಾಯಿಗೆ. ನಾಯಿಗೆ ಬೈಯಲಿಕ್ಕೆ ಯಾರೂ ಇಲ್ಲ. ನಡುವೆ ಎಲ್ಲೋ ಒಬ್ಬರು ಅದನ್ನು ಹಿಡಿದು ನಿಲ್ಲಿಸಬೇಕು, ಸಂಬಳ ಜಾಸ್ತಿ ಇರುವವನೇ ನಿಲ್ಲಿಸಬೇಕು ಅನ್ನುವುದು ನನ್ನ ಲೆಕ್ಕ.

ಸೌಕಾರರದ್ದೂ ಹೆದರಿಕೆಯೇ. ದುಡ್ಡು ಅವರದ್ದು, ಹೆಸರು ಅವರದ್ದು. 2019ರಲ್ಲಿ ನಮ್ಮ ಕಡೆಯ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇದು ಈ ಭಾಗದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಸಿಕ್ಕ ಮೇಲಂತೂ ಬೇಳೆಯ ಬಣ್ಣ ಒಂದು ಚೂರು ಕಮ್ಮಿ ಬಂದರೂ ಫೋನ್ ಬರುತ್ತದೆ. ಏನಾಗುತ್ತಿದೆ ಅಂತ ಗೊತ್ತಿಲ್ಲದಾಗ ಅವರ ದನಿ ಏರುತ್ತದೆ. ಅದಕ್ಕೆ ಅವರು ಫೋನ್ ಮಾಡುವ ಮುಂಚೆ ನಾನೇ ಮಾಡುತ್ತೇನೆ, ಮೂರೇ ಸಂಗತಿ ಹೇಳುತ್ತೇನೆ: ಏನಾಗಿದೆ, ಈಗ ಏನು ಮಾಡುತ್ತಿದ್ದೇವೆ, ಮತ್ತೆ ಎಷ್ಟು ಗಂಟೆಗೆ ಫೋನ್ ಮಾಡುತ್ತೇನೆ. "ಸೌಕಾರ್ರ, ಮೋಟಾರ್ ಸುಟ್ಟದ. ಬಿಚ್ಚಿ ವೈಂಡಿಂಗ್‌ಗೆ ಕಳಿಸ್ಲತ್ತೀವಿ. ನಿನ್ನಿ ಮಾಲಿನಾಗ ಒಂದು ಲಾರಿ ತುಂಬಿ ಬಿಡ್ತೀವಿ. ನಾಕಕ್ಕ ಮತ್ತ ಫೋನ್ ಮಾಡ್ತೀನ್ರಿ." ನಾಲ್ಕಕ್ಕೆ ಹೇಳುವಂಥದ್ದು ಏನೂ ಇಲ್ಲದಿದ್ದರೂ ನಾಲ್ಕಕ್ಕೆ ಫೋನ್ ಮಾಡಲೇಬೇಕು. ಒಂದು ಸಲ ತಪ್ಪಿಸಿದರೆ ಮುಗಿಯಿತು, ಮುಂದಿನ ಸಲ ಹತ್ತು ನಿಮಿಷಕ್ಕೊಂದು ಕಾಲ್ ಬರುತ್ತದೆ.

ಪೂರ್ತಿ ವಿಷಯ ಗೊತ್ತಿಲ್ಲದೆ ತೀರ್ಮಾನ ತೆಗೆದುಕೊಳ್ಳುವುದು ಹೇಗೆ?

ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದು ತಪ್ಪಾದರೆ ನಾಳೆ ಸರಿ ಮಾಡಬಹುದಾ? ಯಾವ ಲಾರಿ ಮೊದಲು ತುಂಬಬೇಕು, ಯಾರನ್ನು ಯಾವ ಕೆಲಸಕ್ಕೆ ಹಾಕಬೇಕು, ಇವೆಲ್ಲ ಸರಿ ಮಾಡಬಹುದಾದವು. ತಟ್ಟನೆ ಹೇಳಿಬಿಡಿ, ತಪ್ಪಾದರೆ ಬದಲಿಸಿ. ಸರಿ ಮಾಡಲಾಗದ್ದು ಬಂದರೆ ನಿಲ್ಲಿ.

ಯಂತ್ರದೊಳಗೆ ಕೈ ಹಾಕುವ ಕೆಲಸ ಅಂಥದ್ದು. ಕಾಳು ಸಿಕ್ಕಿಕೊಂಡಿದೆ, ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಯಾರೋ "ಎರಡು ನಿಮಿಷದ ಕೆಲಸ, ಹಾಂಗೇ ತೆಗಿತೀನಿ" ಅನ್ನುತ್ತಾನೆ. ಇಲ್ಲ. ಮೇನ್ ಸ್ವಿಚ್ ಬಂದ್, ಅದಕ್ಕೆ ಬೀಗ, ಕೀಲಿ ಒಳಗೆ ಕೈ ಹಾಕುವವನ ಜೇಬಿನಲ್ಲಿ. ನನ್ನ ಜೇಬಿನಲ್ಲೂ ಅಲ್ಲ, ಅವನ ಜೇಬಿನಲ್ಲಿ. ಇದರಲ್ಲಿ ಸೌಕಾರರ ಮಾತೂ ನಡೆಯುವುದಿಲ್ಲ.

ಗೋಡೆ ಮೇಲೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆಸಿದ್ದೀರಂತೆ, ಅದು ಯಾಕೆ? ನಮ್ಮವರಿಗೆ ಕೆಲಸ ಗೊತ್ತಿಲ್ವಾ?

ಗೊತ್ತು. ಗೊತ್ತಿರುವವರಿಗೇ ಪಟ್ಟಿ ಬೇಕು. 1935ರಲ್ಲಿ ಅಮೆರಿಕದ ಸೇನೆಯ ಮುಂದೆ ಬೋಯಿಂಗ್ ಕಂಪನಿ ಹೊಸ ದೊಡ್ಡ ವಿಮಾನವೊಂದನ್ನು ಹಾರಿಸಿ ತೋರಿಸುತ್ತಿತ್ತು. ಓಡಿಸುತ್ತಿದ್ದವರು ನುರಿತವರು. ಏರಿದ ಸ್ವಲ್ಪ ಹೊತ್ತಿಗೇ ಬಿತ್ತು, ಇಬ್ಬರು ಸತ್ತರು. ನೆಲದ ಮೇಲಿದ್ದಾಗ ರೆಕ್ಕೆ ಬಾಲದ ಹಲಗೆಗಳು ಗಾಳಿಗೆ ಅಲ್ಲಾಡದಂತೆ ಹಾಕಿದ್ದ ಲಾಕ್ ತೆಗೆಯುವುದನ್ನು ಮರೆತಿದ್ದರು. ಅಲ್ಲಿಂದ ಪೈಲಟ್‌ಗಳ ಕೈಗೆ ಪಟ್ಟಿ ಬಂತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರ್‌ಗೂ 19 ಅಂಶದ ಪಟ್ಟಿ ತಂದಿತು. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು 100ಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ಸರ್ಜನ್‌ಗಳಿಗೇ ಬೇಕಾದರೆ ನಮ್ಮ ಮಿಲ್‌ಗೆ ಬೇಡವಾ?

ನಮ್ಮ ಮಳೆ ಪಟ್ಟಿ ಐದೇ ಸಾಲು, ಅಂಗಳದ ಬಾಗಿಲ ಪಕ್ಕ ಪೇಂಟ್‌ನಲ್ಲಿ ಬರೆಸಿದ್ದು. ನಮ್ಮಲ್ಲಿ ಕನ್ನಡದವರು, ದಖನಿ ಮಾತಾಡುವವರು, ಗಡಿ ಕಡೆಯ ತೆಲುಗು ಮರಾಠಿಯವರು, ಬಿಹಾರದ ಹುಡುಗರು ಎಲ್ಲ ಇದ್ದಾರೆ. ಅದಕ್ಕೆ ಅಕ್ಷರದ ಪಕ್ಕ ಚಿತ್ರ. ತಾಡಪತ್ರಿ ಚಿತ್ರ ಚಾಪೆ ಹಾಗೆ ಕಾಣುತ್ತದೆ, ಪೇಂಟರ್‌ಗೆ ಹೇಳಿ ಹೇಳಿ ಸೋತೆ. ಪರವಾಗಿಲ್ಲ, ಅರ್ಥ ಆಗುತ್ತದೆ. ಪಟ್ಟಿ ಇದ್ದರೆ ನಾನು ಯೋಚಿಸಬೇಕಾದ್ದು ಕಡಿಮೆ. ಗಾಬರಿಯಲ್ಲಿ ತಲೆ ಓಡಲ್ಲ ಅಂತ ಮೊದಲೇ ಗೊತ್ತಿದ್ದ ಮೇಲೆ ತಲೆ ಓಡುವ ಹೊತ್ತಿನಲ್ಲೇ ಬರೆದಿಟ್ಟುಕೊಳ್ಳಬೇಕು.

ಸ್ವಲ್ಪ ಒತ್ತಡ ಒಳ್ಳೆಯದು ಅಂತಾರಲ್ಲ?

ಹೌದು, ಸ್ವಲ್ಪ. 1908ರಲ್ಲಿ ಯರ್ಕಿಸ್ ಮತ್ತು ಡಾಡ್ಸನ್ ಅನ್ನುವವರು ಇಲಿಗಳಿಗೆ ಸಣ್ಣ ಶಾಕ್ ಕೊಟ್ಟು ಪರೀಕ್ಷೆ ಮಾಡಿದ್ದರು. ಕಷ್ಟದ ಪಾಠ ಇದ್ದಾಗ ಶಾಕ್ ಜಾಸ್ತಿಯಾದರೆ ಇಲಿ ಕಲಿಯುವುದು ನಿಧಾನವಾಯಿತು. ಮನುಷ್ಯರಿಗೂ ಹೀಗೇ ಅಂತ ಆಮೇಲೆ ಬೇರೆಯವರು ಎಳೆದರು. ಅಷ್ಟು ದೂರ ಹೋಗುವುದು ಬೇಡ. ಸೀಸನ್ ಶುರುವಾದ ಮೊದಲ ವಾರ ಎಲ್ಲರ ಕೈ ಚುರುಕಾಗುತ್ತದೆ, ಮೂರನೇ ತಿಂಗಳಿಗೆ ಚೀಲದ ಲೆಕ್ಕ ತಪ್ಪುತ್ತದೆ.

ಏಪ್ರಿಲ್, ಮೇ ಬಂತು ಅಂದರೆ ಎಲ್ಲರೂ ಎಗರಾಡುತ್ತಾರೆ. ಏನಾದರೂ ದಾರಿ ಇದೆಯಾ?

ಕಲಬುರಗಿಯವರಿಗೆ ಬಿಸಿಲಿನ ಬಗ್ಗೆ ನಾನೇನು ಹೇಳಲಿ. ಹೊರಗೆ 42 ಡಿಗ್ರಿ ಇದ್ದರೆ ತಗಡಿನ ಶೆಡ್ ಒಳಗೆ ಇನ್ನೂ ಜಾಸ್ತಿ. ಸರ್ಕಾರವೇ ಆ ಎರಡು ತಿಂಗಳು ನಮ್ಮ ಭಾಗದ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ, ನಾವ್ಯಾಕೆ ಮೊಂಡು ಹಿಡಿಯಬೇಕು? ಭಾರದ ಕೆಲಸ ಬೆಳಿಗ್ಗೆ ಆರಕ್ಕೇ ಶುರು ಮಾಡುತ್ತೇವೆ, ಹನ್ನೆರಡರಿಂದ ಮೂರರವರೆಗೆ ನೆರಳಿನ ಕೆಲಸ ಮಾತ್ರ. ಯಾರಿಗಾದರೂ ಬುದ್ಧಿ ಹೇಳಬೇಕಾಗಿದ್ದರೆ, ಸಂಬಳ ಹಿಡಿದ ವಿಷಯ ಮಾತಾಡಬೇಕಾಗಿದ್ದರೆ, ಬೆಳಿಗ್ಗೆ ಚಾ ಹೊತ್ತಿಗೇ ಮುಗಿಸಿಬಿಡುತ್ತೇನೆ. ಮಧ್ಯಾಹ್ನ ಎರಡಕ್ಕೆ ಅದೇ ಮಾತು ಆಡಿದರೆ ಜಗಳ. ಮತ್ತೆ ಮಜ್ಜಿಗೆ. ಒಂದು ಕೊಡ ಮಜ್ಜಿಗೆ, ಉಪ್ಪು ಜೀರಿಗೆ ಹಾಕಿದ್ದು. ನಾನು ಕೊಟ್ಟ ಭಾಷಣಗಳಿಗಿಂತ ಅದು ಜಾಸ್ತಿ ಕೆಲಸ ಮಾಡಿದೆ.

ನಾನು ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ಗಂಡಸು ಕೂಗಿದರೆ ಸ್ಟ್ರಿಕ್ಟ್, ನಾನು ಕೂಗಿದರೆ ಜಗಳಗಂಟಿ. ಏನು ಮಾಡಲಿ?

ಅಕ್ಕಾ, ಇದರಲ್ಲಿ ನೀವು ಮಾಡುವುದಕ್ಕಿಂತ ನಿಮ್ಮ ಮೇಲಿನವರು ಮಾಡಬೇಕಾದ್ದೇ ಜಾಸ್ತಿ. ನಮ್ಮ ಪ್ಯಾಕಿಂಗ್ ಅಕ್ಕನನ್ನು ದಾಟಿಕೊಂಡು ಯಾರಾದರೂ ನೇರ ನನ್ನ ಹತ್ತಿರ ಬಂದರೆ "ಅಕ್ಕಗ ಕೇಳಿದ್ದೀಯೇನು?" ಅಂತ ಕೇಳಿ ವಾಪಸ್ ಕಳಿಸುತ್ತೇನೆ. ಅವರ ತೀರ್ಮಾನ ನನಗೆ ಸರಿ ಕಾಣದಿದ್ದರೂ ಜನರ ಮುಂದೆ ಬದಲಿಸುವುದಿಲ್ಲ, ಆಮೇಲೆ ಇಬ್ಬರೇ ಕೂತು ಮಾತಾಡುತ್ತೇವೆ. ನಿಮ್ಮ ಮ್ಯಾನೇಜರ್‌ಗೆ ಇದನ್ನು ಬಾಯಿ ಬಿಟ್ಟು ಕೇಳಿ. ಕೇಳದೆ ಇದು ಅವರಿಗೆ ಹೊಳೆಯುವುದಿಲ್ಲ. ನನಗೂ ಅಕ್ಕ ಹೇಳಿದ ಮೇಲೇ ಹೊಳೆದದ್ದು.

ಬೈದುಬಿಟ್ಟೆ. ಈಗ?

ಸಿಟ್ಟಿನಲ್ಲಿ ಕೊಯ್ದ ಮೂಗು ತಣ್ಣಗಾದ ಮೇಲೆ ಬರುವುದಿಲ್ಲ, ನಿಜ. ಆದರೂ ಹೋಗಿ ಕೇಳಿ. ಎಲ್ಲರ ಮುಂದೆ ಬೈದಿದ್ದರೆ ಎಲ್ಲರ ಮುಂದೆಯೇ ಕೇಳಬೇಕು, ಮೂಲೆಗೆ ಕರೆದು ಬೆನ್ನು ತಟ್ಟಿದರೆ ಲೆಕ್ಕಕ್ಕಿಲ್ಲ. "ನಿನ್ನೆ ನಾ ಹಂಗ ಬೈಬಾರ್ದಿತ್ತು, ತಪ್ಪಾಯ್ತು." ಅಲ್ಲಿಗೆ ನಿಲ್ಲಿಸಿ. "ಆದರೆ ನೀನೂ..." ಅಂತ ಶುರು ಮಾಡಿದರೆ ಕೇಳಿದ ಕ್ಷಮೆಯೆಲ್ಲ ನೀರಿಗೆ ಹೋಯಿತು. ಅವನ ತಪ್ಪಿನ ಮಾತು ಇನ್ನೊಂದು ದಿನಕ್ಕಿರಲಿ. ಆ ಆಪರೇಟರ್ ಮುಂದೆ ಈ ಮಾತು ಹೇಳಲಿಕ್ಕೆ ನನಗೆ ನಾಲ್ಕು ದಿನ ಹಿಡಿಯಿತು, ಅವನು ಮತ್ತೆ ಬಾಯಿ ಬಿಟ್ಟು ಮಾತಾಡಲಿಕ್ಕೆ ನಾಲ್ಕು ತಿಂಗಳು.

ಮನೆಗೆ ಹೋದರೂ ಮಿಲ್ ತಲೆಯಲ್ಲೇ ಓಡುತ್ತಿರುತ್ತದೆ. ನಿದ್ದೆ ಬರಲ್ಲ.

ಹೊರಡುವ ಮುಂಚೆ ನಾಳಿನ ಮೂರು ಕೆಲಸ ಡೈರಿಯಲ್ಲಿ ಬರೆದು ಡೈರಿಯನ್ನು ಮಿಲ್‌ನಲ್ಲೇ ಬಿಟ್ಟು ಬನ್ನಿ. ನಾನು ಮನೆಗೆ ನೇರ ಹೋಗುವುದಿಲ್ಲ, ಅಪ್ಪನ ಕೆರೆ ಹತ್ತಿರ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕೂರುತ್ತೇನೆ. ಫೋನ್ ಜೇಬಿನಲ್ಲೇ. ಮೊದಮೊದಲು ಹೆಂಡತಿ "ದಿನಾ ಎಲ್ಲಿಗಿ ಹೋಗಿ ಬರ್ತೀರಿ?" ಅಂತ ವಿಚಾರಿಸುತ್ತಿದ್ದಳು, ಈಗ ಅವಳೇ "ಕೆರಿ ಹತ್ರ ಕುಂತು ಬಂದ್ರೇನು?" ಅಂತ ಕೇಳುತ್ತಾಳೆ.

ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಮಾತ್ರ ಕೆರೆಯ ಗಾಳಿ ಸಾಲದು. 14416ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆ ಅಂತಲೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಅದು, 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ. ಎದೆ ಹಿಂಡಿದ ಹಾಗೆ ನೋವು, ಬೆವರು, ಎಡಗೈ ಸೆಳೆತ ಬಂದರೆ "ಟೆನ್ಷನ್, ಗ್ಯಾಸ್" ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ. ಹೃದಯಕ್ಕೆ ಅಂತಲೇ ಜಯದೇವ ಆಸ್ಪತ್ರೆ ನಮ್ಮ ಊರಲ್ಲೇ ಇದೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಆ ಮಳೆ ದಿನ ಕೊನೆಗೆ ಎಷ್ಟು ಮಾಲು ಉಳಿಯಿತು?

ಎಲ್ಲರೂ ಕೊನೆಗೆ ಇದನ್ನೇ ಕೇಳುತ್ತಾರೆ. 180ರಲ್ಲಿ 14 ಚೀಲ ತೋಯಿತು. ಅದರಲ್ಲಿ 6 ಚೀಲ ಮತ್ತೆ ಒಣಗಿಸಿ ಬೇಳೆ ಮಾಡಿದೆವು, ಬಣ್ಣ ಬರಲಿಲ್ಲ, ಕಡಿಮೆಗೆ ಹೋಯಿತು. ಉಳಿದ 8 ದನದ ಮೇವಿಗೆ. ಸೌಕಾರರು 14 ಚೀಲದ ಮಾತು ಒಂದು ತಿಂಗಳು ಆಡಿದರು, ಉಳಿದ 166ರ ಮಾತು ಒಂದು ದಿನವೂ ಆಡಲಿಲ್ಲ. ಗಟಾರದ ಬಾಯಿ ತೆಗೆದ ಆ ಹುಡುಗ ಈಗ ಅಂಗಳದ ಸೂಪರ್‌ವೈಸರ್. ಹೋದ ವಾರ ನಾನು ಗಂಜ್‌ನಲ್ಲಿದ್ದಾಗ ಫೋನ್ ಮಾಡಿದ. "ಅಣ್ಣಾ, ಮೋಡ ಆಗ್ಯಾದ. ತಾಡಪತ್ರಿ ಹೊರಗ ತೆಗಿಸೀನಿ, ಗಟಾರ ನೋಡೀನಿ. ನೀವು ಆರಾಮ ಬರ್ರಿ." ಮಳೆ ಬರಲೇ ಇಲ್ಲ. ತಾಡಪತ್ರಿ ಮಡಚಿ ಒಳಗಿಡಲಿಕ್ಕೆ ಮತ್ತೆ ಅರ್ಧ ತಾಸು ಹಿಡಿಯಿತಂತೆ, ಹಮಾಲರು ಗೊಣಗಿದರಂತೆ.